ನೀ ಎಂದ ಬಾಯಿ

ಸತ್ತವರನ್ನು ಎದುರಿಗೆ ಕೂರಿಸಿಕೊಂಡು ಚಿತ್ರ ಬರೆಯಲು ಆಗುವುದಿಲ್ಲ. ಅದಕ್ಕೆ ನಮ್ಮ ಮಾಸ್ತರರು ನನ್ನನ್ನು ಕೂರಿಸುತ್ತಾರೆ.

ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಬದುಕಿದ್ದಾಗ ಫೋಟೋ ತೆಗೆಸಿಕೊಂಡವರು ಅಪರೂಪ. ತೆಗೆಸಿಕೊಂಡರೆ ಆಯುಷ್ಯ ಕಮ್ಮಿಯಾಗುತ್ತದೆ ಎಂದು ಕೆಲವರು, ಅದಕ್ಕಾಗಿ ಕೊಪ್ಪಳದ ತನಕ ಯಾರು ಬಂಡಿ ಹೂಡಬೇಕು ಎಂದು ಉಳಿದವರು. ಸತ್ತ ಮೇಲೆ ಮಾತ್ರ ಎಲ್ಲರಿಗೂ ಪಡಸಾಲೆಯ ಗೋಡೆಗೆ ಒಂದು ತಸಬೀರು ಬೇಕೇ ಬೇಕು. ಆಗ ಮಾಸ್ತರರಿಗೆ ಕರೆ ಬರುತ್ತದೆ. ಅವರು ನಾಟಕದ ಪರದೆ ಬರೆಯುವವರು. ಅರಮನೆ, ಅಡವಿ, ಬೀದಿ ಅವರ ಕುಂಚಕ್ಕೆ ನಿದ್ದೆಯಲ್ಲೂ ಬರುತ್ತವೆ. ಮನುಷ್ಯರು ಬರುವುದಿಲ್ಲ. ಮನುಷ್ಯರು ಅಂದರೆ ಅವರಿಗೆ ಅಷ್ಟಕ್ಕಷ್ಟೆ.

ಆ ಕೊರತೆಯನ್ನು ತುಂಬಲು ನಾನಿದ್ದೇನೆ. ಊರಲ್ಲಿ ನನ್ನನ್ನು ನಕಲಿ ಎಂದು ಕರೆಯುತ್ತಾರೆ. ಯಾರನ್ನು ಒಮ್ಮೆ ನೋಡಿದರೂ ಅವರ ನಡಿಗೆ, ಕೆಮ್ಮು, ಸೀನುವ ರೀತಿ ನನ್ನ ಮೈಗೆ ಹತ್ತಿಕೊಂಡುಬಿಡುತ್ತದೆ. ಸಾಲೆ ಬಿಟ್ಟದ್ದೂ ಇದರಿಂದಲೇ. ಹೆಡ್ ಮಾಸ್ತರರು ಬಾಗಿಲಲ್ಲಿ ನಿಂತಿದ್ದ ಹೊತ್ತಿನಲ್ಲಿ ನಾನು ಒಳಗೆ ಹೆಡ್ ಮಾಸ್ತರನಾಗಿದ್ದೆ. ಅವರು ನನಗಿಂತ ಕೆಟ್ಟದಾಗಿ ಹೆಡ್ ಮಾಸ್ತರರಾಗಿದ್ದರು ಎಂದು ಹುಡುಗರು ನಕ್ಕರು. ಪೆಟ್ಟು ಬಿದ್ದದ್ದು ನನಗೊಬ್ಬನಿಗೆ.

ನಮ್ಮ ಕೆಲಸದ ಪದ್ಧತಿ ಹೀಗೆ. ಸತ್ತವರ ಮನೆಗೆ ಹೋಗಿ ಎಲ್ಲರನ್ನೂ ಪಡಸಾಲೆಯಲ್ಲಿ ಸೇರಿಸುತ್ತೇವೆ. ನಾನು ಕೇಳುತ್ತೇನೆ: ಅಜ್ಜಾರು ಹೆಂಗ ಕುಂದರತಿದ್ರು? ಎಲಿ ಅಡಿಕಿ ಯಾವ ದವಡ್ಯಾಗ ಇಡತಿದ್ರು? ಸಿಟ್ಟು ಬಂದ್ರ ಮೊದಲು ಮೀಸಿ ಹಿಡೀತಿದ್ರೋ, ಬಡಿಗಿ ಹಿಡೀತಿದ್ರೋ? ಅವರು ಹೇಳುತ್ತ ಹೋಗುತ್ತಾರೆ, ನಾನು ಮಾಡುತ್ತ ಹೋಗುತ್ತೇನೆ, ಅವರು ತಿದ್ದುತ್ತ ಹೋಗುತ್ತಾರೆ. ಒಂದು ಗಳಿಗೆಯಲ್ಲಿ ಯಾರೋ ಒಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಾರೆ. ಮಾಸ್ತರರು ಆಗ "ಹಾಂ, ಅಲುಗಬ್ಯಾಡ" ಎನ್ನುತ್ತಾರೆ. ಅಳು ಬಂತೆಂದರೆ ಅಳತೆ ಕೂಡಿತು. ಆಮೇಲೆ ಅವರು ಇದ್ದಲು ಹಿಡಿದು ಗೀಚುತ್ತಾರೆ, ನಾನು ಹೆಣದ ಹಾಗೆ ಕೂತಿರುತ್ತೇನೆ.

ಮೈ ನನ್ನದು, ಮುಖ ನನ್ನದಲ್ಲ. ನನ್ನ ಮುಖ ಒಣಗಿದ ಹಾಗಲಕಾಯಿ, ಅದನ್ನು ಗೋಡೆಗೆ ತೂಗುಹಾಕಿ ಕೈಮುಗಿಯುವಷ್ಟು ಪಾಪ ಯಾವ ಮನೆತನವೂ ಮಾಡಿಲ್ಲ. ಮೂಗನ್ನು ಮಗನಿಂದ, ಕಿವಿಯನ್ನು ತಮ್ಮನಿಂದ ತೆಗೆದುಕೊಳ್ಳುತ್ತೇವೆ. ಅವನ್ನೆಲ್ಲ ಕೂಡಿಸಿದರೆ ಯಾರದೋ ಮದುವೆಗೆ ಬಂದ ಬೀಗರ ಗುಂಪಿನಂತೆ ಕಾಣುತ್ತಿತ್ತು. ಅದನ್ನು ಸರಿಪಡಿಸಿದ್ದು ಒಂದು ಕರು. ಯುದ್ಧ ಶುರುವಾದ ಮೇಲೆ ಪೇಟೆಗೆ ಟರ್ಪೆಂಟೈನ್ ಬರುವುದು ನಿಂತಿತ್ತು. ಬಣ್ಣವನ್ನು ಬರೀ ಅಗಸೆ ಎಣ್ಣೆಯಲ್ಲಿ ಅರೆಯಬೇಕಾಯಿತು. ಅದು ವಾರಗಟ್ಟಲೆ ಒಣಗದು. ಕನಕಗಿರಿಯ ಒಂದು ಮನೆಯಲ್ಲಿ ಹಸಿ ಚಿತ್ರವನ್ನು ಅಂಗಳಕ್ಕೆ ತಂದಿಟ್ಟಾಗ ಕರು ಅಗಸೆಯ ವಾಸನೆಗೆ ಬಂದು ಮುಖವನ್ನು ಒಮ್ಮೆ ನೆಕ್ಕಿತು. ಮೂಗು, ಮೀಸೆ, ಕೆನ್ನೆ ಒಂದರೊಳಗೊಂದು ಹರಿದುಹೋದವು. ಮಾಸ್ತರರು ತಲೆಯ ಮೇಲೆ ಕೈ ಹೊತ್ತರು. ಅಷ್ಟರಲ್ಲಿ ಆ ಮನೆಯ ಮುದುಕಿ ಬಂದು ನೋಡಿ, "ಇವರ ನೋಡ್ರಿ, ಇವರ," ಎಂದು ಅಳತೊಡಗಿದಳು. ಅಲ್ಲಿಂದ ಮಾಸ್ತರರು ಎಡಗೈ ಹೆಬ್ಬೆರಳಿಗೆ ಹಳೆಯ ರುಮಾಲಿನ ಚೂರು ಸುತ್ತಿಕೊಂಡು ಕರುವಿನ ಕೆಲಸವನ್ನು ತಾವೇ ಮಾಡುತ್ತಾರೆ. ಎಲ್ಲವನ್ನೂ ಗೆರೆ ಕೊರೆದು ಬರೆಯುವುದು, ಹಸಿ ಇರುವಾಗಲೇ ಎಳೆದು ಅಳಿಸುವುದು. ಮುಖ ಎಷ್ಟು ಮಸುಕಾದರೆ ಮನೆಯವರು ಅಷ್ಟು ಬೇಗ ತಮ್ಮವರನ್ನು ಗುರುತು ಹಿಡಿಯುತ್ತಾರೆ. ಮಾಸ್ತರರ ಗುರು ಕರು ಎಂದು ನಾನು ಎಲ್ಲ ಕಡೆ ಹೇಳುತ್ತೇನೆ. ಅವರಿಗೆ ಸಿಟ್ಟಿಲ್ಲ. ಶಿಷ್ಯ ಮಂಗ್ಯಾ ಎಂದು ಅವರೂ ಹೇಳುತ್ತಾರೆ.

ಕಳೆದ ಬೇಸಿಗೆಯಲ್ಲಿ ಕುಷ್ಟಗಿ ಕಡೆಯ ಒಂದು ಊರಿನ ಗೌಡರ ಮನೆಯಿಂದ ಬಂಡಿ ಬಂತು. ದೊಡ್ಡಗೌಡ ತೀರಿಕೊಂಡಿದ್ದ. ಅವನ ಮಗ ಸಣ್ಣಗೌಡ ನಮ್ಮನ್ನು ಕರೆಸಿದ್ದ. ಸಣ್ಣ ಎನ್ನುವುದು ಹೆಸರಿನಲ್ಲಿ ಮಾತ್ರ, ಅವನ ಹೊಟ್ಟೆ ಅವನಿಗಿಂತ ಮೊದಲೇ ಪಡಸಾಲೆಗೆ ಬಂತು. ಮನೆಯಲ್ಲಿ ಅವನು, ಅವನ ಹೆಂಡತಿ, ಒಬ್ಬ ಆಳು, ಮತ್ತೆ ಕಂಬದ ಹಿಂದೆ ಒಬ್ಬ ಹೆಂಗಸು. ಆಕೆ ದೊಡ್ಡಗೌಡನ ಎರಡನೆಯ ಹೆಂಡತಿ, ಸಣ್ಣಗೌಡನಿಗಿಂತ ಚಿಕ್ಕವಳು. ಸಣ್ಣಗೌಡ ಆಕೆಯನ್ನು ಚಿಗವ್ವ ಎನ್ನುತ್ತಿದ್ದ. ನಾವೂ ಹಾಗೇ ಕರೆದೆವು.

ಮೊದಲ ದಿನ ಖಾದಿ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಹುಣಸೆಬೀಜದ ಅಂಟು ಬಳಿದು, ಮೇಲೆ ಸೀಮೆಸುಣ್ಣದ ಪುಡಿ ಕಲಸಿ ಹಚ್ಚಿ ಬಿಸಿಲಿಗೆ ಇಟ್ಟೆವು. ಅದು ಒಣಗುವ ತನಕ ನಾನು ದೊಡ್ಡಗೌಡನ ಗಾದಿಯ ಮೇಲೆ ಕೂತು ಲೋಡಿಗೆ ಒರಗಿದೆ. ಎಡಗೈ ಮೊಣಕಾಲಿನ ಮೇಲೆ, ಬಲಗೈಯಲ್ಲಿ ಬಡಿಗೆ, ಎಲೆ ಅಡಿಕೆ ಎಡ ದವಡೆಯಲ್ಲಿ.

"ಗದ್ದ ಇನ್ನಷ್ಟು ಮ್ಯಾಲ," ಎಂದ ಸಣ್ಣಗೌಡ. "ಅಪ್ಪ ಮಂದೀನ್ನ ಮೂಗಿನ ಮ್ಯಾಲಿಂದ ನೋಡತಿದ್ದ."

ಗದ್ದ ಎತ್ತಿದೆ. ಆಳು ಹೇಳಿಕೊಟ್ಟ ದನಿಯಲ್ಲಿ, ಗಂಟಲ ಬುಡದಿಂದ, "ಯಾವನಲೇ ಅಲ್ಲಿ" ಎಂದೆ. ಹೇಳಿಕೊಟ್ಟ ಆಳೇ ತಲೆಯ ರುಂಬಾಲು ಬಿಚ್ಚಿ ಓಡಿಬಂದು ನಿಂತ. ನಿಂತ ಮೇಲೆ ಅವನಿಗೆ ನಾಚಿಕೆಯಾಯಿತು. ಸೊಸೆಯ ಕೈಯಲ್ಲಿದ್ದ ಬೋಗುಣಿ ಬಿತ್ತು. ಯಾರೂ ಅಳಲಿಲ್ಲ. ಆ ಮನೆಯಲ್ಲಿ ನಾನು ದೊಡ್ಡಗೌಡನಾದಷ್ಟು ಸಲವೂ ಎಲ್ಲರೂ ಎದ್ದು ನಿಂತರು. ಮಾಸ್ತರರಿಗೆ ಅಳತೆ ಸಿಗದೆ ಇದ್ದಲು ಕೈಯಲ್ಲೇ ಉಳಿಯಿತು.

ನನಗೆ ಮಜಾ ಹತ್ತಿತ್ತು. ಸಣ್ಣಗೌಡನಿಗೂ ಹತ್ತಿತು. "ಲೇ ನಕಲಿ, ಚಿಗವ್ವನ್ನ ಅಪ್ಪ ಹೆಂಗ ಕರೀತಿದ್ದ ಗೊತ್ತೇನು? ಹೆಸರು ಹಿಡದು ಕರೀತಿದ್ದಿಲ್ಲ. ಹಿಂಗ," ಎಂದು ನಾಲಿಗೆಯನ್ನು ಅಂಗುಳಿಗೆ ಹತ್ತಿಸಿ ಲೊಚಕ್ ಎನಿಸಿದ, ಎತ್ತುಗಳಿಗೆ ಮಾಡುವ ಹಾಗೆ. "ಮಾಡು ನೋಡೂಣು."

ಮಾಡಿದೆ. ಅವನಿಗಿಂತ ಛಲೋ ಮಾಡಿದೆ. ಕಂಬದ ಹಿಂದಿದ್ದ ಚಿಗವ್ವ ಎದ್ದು, ಸೆರಗು ಸರಿಮಾಡಿಕೊಂಡು, ನೀರಿನ ತಂಬಿಗೆ ಹಿಡಿದು ಗಾದಿಯ ಮುಂದೆ ಬಂದು ನಿಂತಳು. ಬಂದದ್ದು ಅವಳಿಗೇ ಗೊತ್ತಾದದ್ದು ಬಂದು ನಿಂತ ಮೇಲೆ. ಸೊಸೆ ಮೊದಲು ನಕ್ಕಳು, ಆಮೇಲೆ ಆಳು, ಆಮೇಲೆ ಸಣ್ಣಗೌಡ ಹೊಟ್ಟೆ ಹಿಡಿದುಕೊಂಡು. ನಾನು ಗೌಡನಾಗಿದ್ದರಿಂದ ಮುಗುಳ್ನಕ್ಕೆನಷ್ಟೆ. ಆಕೆ ನನ್ನ ಬಾಯನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು.

"ಮಾಸ್ತರ, ಈಗ ಖರೇ ವಿಷಯಕ್ಕ ಬರ್ರಿ," ಎಂದ ಸಣ್ಣಗೌಡ. ಕಣ್ಣೊರೆಸಿಕೊಂಡು ಗಂಭೀರನಾದ. "ಗಾದಿ ಮ್ಯಾಲ ಕುಂತ ಅಪ್ಪನ್ನ ಎಲ್ಲಾರೂ ಕಂಡಾರ. ನನಗ ಬೇಕಾದ್ದು ಕಡೀ ದಿನದ ಅಪ್ಪ. ಲಕ್ವಾ ಹೊಡದ ಮ್ಯಾಲ ಅವಂಗ ಮಾತು ಹೋಗಿತ್ತು. ಹಾಸಿಗಿ ಹಿಡದು ಈ ಪಡಸಾಲ್ಯಾಗ ಮಲಗಿದ್ದ. ಆ ದಿನ ನಾ ಹೊಲದಿಂದ ಬಂದು ಹೊಸ್ತಿಲದಾಗ ನಿಂತೆ. ನನ್ನ ನೋಡಿ ಕುತ್ತಿಗಿ ಎತ್ತಿದ. ಕೈ ಎತ್ತಿದ. 'ನೀ' ಅಂದ. ಅಷ್ಟ. ಗೌಡಕಿ ಇನ್ನ ನೀ ಮಾಡು ಅಂತ. ದಾಯಾದಿಗಳು ಏನರ ಅನಲಿ, ಅಪ್ಪ ತನ್ನ ಬಾಯಿಲೆ ಹೇಳ್ಯಾನ. ನಾ ಅಲ್ಲೇ ಕೈ ಮುಗದು ಹೊಳ್ಳಿ ಹೋದೆ. ಸಂಜೀಕ ಜೀವ ಹೋತು."

"ಒಳಗ ಬರಲಿಲ್ಲೇನ್ರಿ?" ಎಂದೆ.

"ಹಾಸಿಗಿ ಭಾಳ ನಾತ ಬರತಿತ್ತು," ಎಂದ. ಆಮೇಲೆ ಮಾಸ್ತರರ ಕಡೆ ತಿರುಗಿದ. "ನನಗ ಆ ಬಾಯಿ ಬೇಕು, ಆ ಕಣ್ಣು ಬೇಕು. ನಾಳೆ ದಾಯಾದಿಗಳು ಈ ಪಡಸಾಲಿಗೆ ಬಂದು ನಿಂತ್ರ, ಅಪ್ಪ ಅವರ ಎದುರಿಗೆ ನನಗ 'ನೀ' ಅಂದಂಗ ಇರಬೇಕು."

ಮಾಸ್ತರರು ಒಪ್ಪಿಕೊಂಡರು. ಒಪ್ಪಿಕೊಳ್ಳುವುದು ಅವರ ಚಾಳಿ.

ಮರುದಿನ ಹಿತ್ತಿಲಲ್ಲಿ ಕೆಮ್ಮಣ್ಣು ಅರೆಯುತ್ತಿದ್ದಾಗ ಚಿಗವ್ವ ಬಂದಳು. ನನ್ನನ್ನು ನೋಡದೆ ಮಾಸ್ತರರನ್ನು ನೋಡಿ ಮಾತಾಡಿದಳು.

"ಮಾಸ್ತರ, ಮೈ ಬರೀರಿ, ರುಂಬಾಲ ಬರೀರಿ, ಮೀಸಿ ಬರೀರಿ. ಕಣ್ಣು ಒಂದು ಬಿಡ್ರಿ."

"ಯಾಕವ್ವ?"

"ಒಳಗಿನ ಖೋಲಿ ಸೊಸಿ ತಗೊಂಡ್ಳು. ನನಗ ಕೊಟ್ಟದ್ದು ಆ ಗೋಡಿ ಬುಡ, ತಸಬೀರು ಹಾಕೂ ಗೋಡಿ. ತವರಾಗ ಯಾರೂ ಉಳದಿಲ್ಲ. ಸಾಯೂತನಕ ನಾ ಅಲ್ಲೇ ಕುಂದ್ರಬೇಕು, ಅಲ್ಲೇ ಮಲಗಬೇಕು. ಆ ಕಣ್ಣಾಗ ಒಂದು ಸಲ ಬದುಕಿ ಮುಗಿಸೀನಿ. ಮತ್ತೊಂದು ಸಲ ಆಗೂದಿಲ್ಲ."

ಮಾಸ್ತರರ ಹಿರಿಯರು ದೇವರ ಮೂರ್ತಿಗಳಿಗೆ ಬಣ್ಣ ಹಚ್ಚುತ್ತಿದ್ದವರು. ಅವರಲ್ಲಿ ಕಣ್ಣು ಎಲ್ಲದಕ್ಕಿಂತ ಕಡೆಗೆ. ಅದನ್ನು ಬರೆಯುವ ತನಕ ಮೂರ್ತಿ ಬರೀ ಕಟ್ಟಿಗೆ, ಬರೆದ ಮೇಲೆ ದೇವರು. ಕಣ್ಣು ಬಿಟ್ಟ ಕೆಲಸ ಅವರ ಪಾಲಿಗೆ ಕೆಲಸವೇ ಅಲ್ಲ. ಅರೆಯುವ ಕಲ್ಲಿನಿಂದ ತಲೆ ಎತ್ತದೆ, "ಕಣ್ಣಿಲ್ಲದ ಗೌಡನ್ನ ಬರದ್ರ ನಿಮ್ಮ ಮಗ ನನ್ನ ಕಣ್ಣು ಕೀಳತಾನವ್ವ," ಎಂದರು.

"ಗೋಡಿ ಕಡೆ ಮಕ ಮಾಡಿ ಮಲಕ್ಕೋರಿ ಚಿಗವ್ವ," ಎಂದು ನಾನು ಉಪಾಯ ಹೇಳಿದೆ. "ಅವರು ಬೆನ್ನು ನೋಡ್ಕೊಂತ ಇರಲಿ."

ಆಕೆ ಆಗ ನನ್ನ ಕಡೆ ತಿರುಗಿದಳು. "ನೀ ಭಾಳ ಛಲೋ ಮಾಡತಿ ತಮ್ಮಾ. ಆದರ ನೀ ಮಾಡೂದೆಲ್ಲಾ ಮಂದಿ ಕಂಡದ್ದು," ಎಂದು ಹೇಳಿ ಹೋದಳು. ಬೈಗುಳವೋ ಹೊಗಳಿಕೆಯೋ ಗೊತ್ತಾಗಲಿಲ್ಲ. ಹೊಗಳಿಕೆ ಎಂದುಕೊಂಡೆ.

ಮೈ ಬರೆಯುವುದು ಸುಲಭವಾಗಿ ಮುಗಿಯಿತು. ಕಾಡಿಗೆ ಕಪ್ಪು, ಕೆಮ್ಮಣ್ಣು, ಸತುವಿನ ಬಿಳಿ ಮೂರೇ ಸಾಕಾದವು. ಲೋಡು, ಧೋತರ, ಮೇಲೆದ್ದ ಕೈ ಎಲ್ಲ ಬಂದವು. ಬಾಯಿಗೆ ಬಂದಾಗ ಸಿಕ್ಕಿಹಾಕಿಕೊಂಡೆವು. ನೀವು ಕನ್ನಡಿ ಹಿಡಿದುಕೊಂಡು ಒಮ್ಮೆ 'ನೀ' ಅಂದು ನೋಡಿರಿ. ತುಟಿ ಎರಡೂ ಕಡೆ ಹರಡುತ್ತವೆ, ಹಲ್ಲು ಕಾಣುತ್ತವೆ. ಎಷ್ಟು ಸಿಟ್ಟಿನಿಂದ ಅಂದರೂ ನಕ್ಕ ಹಾಗೇ. ನಾನು ಗದ್ದ ಎತ್ತಿ, ಹುಬ್ಬು ಗಂಟುಹಾಕಿ, ಅಪ್ಪಣೆ ಕೊಡುವವನ ಹಾಗೆ 'ನೀ, ನೀ' ಎನ್ನುತ್ತ ಒಂದು ಮಧ್ಯಾಹ್ನ ಕಳೆದೆ. ದವಡೆ ನೋವು ಬಂತು. ಹಿತ್ತಿಲ ಬೇಲಿಯ ಆಚೆಯಿಂದ ಹುಡುಗರು 'ನಾ, ನಾ' ಎಂದು ಉತ್ತರ ಕೊಟ್ಟರು.

ಬಟ್ಟೆಯ ಮೇಲೆ ಮೂಡಿದ ದೊಡ್ಡಗೌಡ ಹಲ್ಲು ಕಿರಿಯುತ್ತಿದ್ದ. ಸಣ್ಣಗೌಡ ನೋಡಿ, "ಇದೇನ್ರಿ ಮಾಸ್ತರ, ನಮ್ಮಪ್ಪ ಬೀಗತೀನ್ನ ಮಾತಾಡಿಸಿದಂಗ ಐತಿ," ಎಂದ. ಮಾಸ್ತರರು ಅಳಿಸಿ, ಹಲ್ಲು ಮುಚ್ಚಿ, ಕಣ್ಣನ್ನು ಕಪ್ಪು ಗೆರೆಯಿಂದ ಬಿಗಿದರು. "ಈಗ ನಾಟಕದ ರಾಕ್ಷಸ ಆದ." ಮತ್ತೆ ಅಳಿಸಿ ಕಣ್ಣು ಸಣ್ಣ ಮಾಡಿದರು. "ಈಗ ಕುಷ್ಟಗಿ ಕಚೇರಿ ಗುಮಾಸ್ತ ಆದ ನೋಡ್ರಿ." ಅಷ್ಟು ಸಲ ತಿಕ್ಕಿದ್ದಕ್ಕೆ ಮುಖದ ಜಾಗದಲ್ಲಿ ಬಣ್ಣ ಕೆಸರಾಗಿ, ಕೆಳಗಿನ ಸುಣ್ಣ ಏಳತೊಡಗಿತು. ಇನ್ನೊಮ್ಮೆ ಅಳಿಸಿದರೆ ಬಟ್ಟೆಯೇ ಕಾಣುತ್ತದೆ, ಮತ್ತೆ ಮೊದಲಿನಿಂದ ಶುರು.

ಸಣ್ಣಗೌಡ ಮಾಸ್ತರರನ್ನು ಬೈಯಲಿಲ್ಲ. ಅದಕ್ಕಿಂತ ಕೆಟ್ಟ ಕೆಲಸ ಮಾಡಿದ. "ಚಿಗವ್ವ, ಬಾ ಇಲ್ಲೆ," ಎಂದು ಕರೆದ. "ಈ ನಕಲಿ ಮುಂದ ಕುಂದ್ರು. ಅಪ್ಪ ಹಾಸಿಗಿ ಹಿಡದಾಗ ದಿನಾ ನೋಡಿದಾಕಿ ನೀ ಒಬ್ಬಾಕಿ. ಆ ಕಣ್ಣು ಹೆಂಗಿತ್ತು ಅನ್ನೂದು ಇವಂಗ ತೋರಿಸಿಕೊಡು. ನಾ ಕಚೇರಿಗೆ ಹೋಗಿ ಬರೂದ್ರಾಗ ಕಣ್ಣು ಬಂದಿರಬೇಕು. ಬರಲಿಲ್ಲ ಅಂದ್ರ ನಿನ್ನ ಹಾಸಿಗಿ ಗೋಡಿ ಬುಡದಾಗಲ್ಲ, ದನದ ಮನ್ಯಾಗ."

ಊರ ಗೌಡಕಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಅರ್ಜಿ ಹಿಡಿದು ಅವನು ಕುಷ್ಟಗಿಗೆ ಹೋದ. ಸೊಸೆ ಒಳಗೆ ಮಲಗಿದಳು. ಚಿಗವ್ವ ಗಾದಿಯ ಮುಂದೆ ನೆಲದ ಮೇಲೆ ಕೂತಳು, ಪಕ್ಕದಲ್ಲಿ ತಂಬಿಗೆ. ಮಾಸ್ತರರು ಚೌಕಟ್ಟಿನ ಹಿಂದೆ ನಿಂತು, ಕುಂಚ ಹಿಡಿದು ಕಾದರು.

"ಕಣ್ಣು ಬ್ಯಾಡ ಅಂದ್ರ ನೀವು ಕೇಳಲಿಲ್ಲ," ಎಂದಳು. "ಹಂಗಾರ ಬರೀರಿ. ಆದರ ಯಾವ ಕಣ್ಣು ಅನ್ನೂದು ನಾ ಹೇಳತೀನಿ." ಆಮೇಲೆ ನನಗೆ: "ಲೋಡು ತಗಿ. ಮಲಕ್ಕೋ."

ಮಲಗಿದೆ.

"ಬಲಗಡೆ ತುಟಿ ಸತ್ತಿತ್ತು. ಬಿಡು ಅದನ್ನ. ಹಂಗಲ್ಲ, ನೀ ಇಳಸಾಕತ್ತಿ. ಇಳಸಬ್ಯಾಡ, ಬಿಟ್ಟುಬಿಡು. ನಿಂದಲ್ಲ ಅದು."

ಬಿಟ್ಟೆ. ಎಂಜಲು ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದೆ.

"ಅವನೂ ಎತ್ತತಿದ್ದ. ಬಾಯಿ ಮಟ ಬರತಿದ್ದಿಲ್ಲ. ಅಲ್ಲೇ ನಿಂದ್ರಸು ಕೈ. ಹಾಂ, ಅದ ಕೈ. ಕುತ್ತಿಗಿ ಮುಂದ ತಾ. ಇನ್ನಷ್ಟು. ಗಂಟಲು ಒಣಗೇತಿ ಅಂತ ತಿಳಕೋ."

ತಿಳಿದುಕೊಳ್ಳಬೇಕಾಗಿರಲಿಲ್ಲ. ಬೇಸಿಗೆಯ ಮಧ್ಯಾಹ್ನ, ಊಟವಾದ ಮೇಲೆ ನೀರು ಕುಡಿದಿರಲಿಲ್ಲ. ಆಕೆ ತಂಬಿಗೆ ಎತ್ತಿ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ ಹಿಡಿದಳು. "ನನ್ನ ಮಕ ನೋಡಬ್ಯಾಡ. ಅವ ನನ್ನ ಮಕ ನೋಡತಿದ್ದಿಲ್ಲ. ಇದನ್ನ ನೋಡತಿದ್ದ. ಈಗ ಅನ್ನು."

"ನೀ," ಎಂದೆ. ತುಟಿ ಹರಡಲಿಲ್ಲ. ಎಡಗಡೆ ಮಾತ್ರ ಎಳೆಯಿತು, ನಾಲಿಗೆ ಹಲ್ಲಿಗೆ ತಾಗಿ ಅಲ್ಲೇ ನಿಂತಿತು.

"ಅವ ಪೂರಾ ಅನ್ನಾಕ ನೋಡತಿದ್ದ. 'ರು' ಬರತಿದ್ದಿಲ್ಲ."

ಚೌಕಟ್ಟಿನ ಹಿಂದೆ ಮಾಸ್ತರರ ಕುಂಚದ ಸದ್ದು ನಿಂತಿತು.

"ನೀರು?" ಎಂದೆ ನಾನು, ಗೌಡನ ದನಿ ಬಿಟ್ಟು.

"ಮತ್ತೇನು, ಗೌಡಕಿ ಅಂತ ತಿಳದಿ?" ಎಂದಳು. "ಆ ದಿನ ನಾ ಇಲ್ಲೇ ಇದ್ದೆ, ತಂಬಿಗಿ ಹಿಡಕೊಂಡು. ನನ್ನ ಕೇಳಿ ಕೇಳಿ ಸಾಕಾಗಿತ್ತು ಮುದುಕಗ. ಹೊಸ್ತಿಲದಾಗ ಮಗ ಕಂಡ. ಮಗನ್ನ ಕೇಳಿದ. ಮಗ ಕೈ ಮುಗದು ಹೊಳ್ಳಿ ಹೋದ." ಅಷ್ಟು ಹೇಳಿ ಆಕೆ ನಕ್ಕಳು. ಸದ್ದಿಲ್ಲದ ನಗೆ, ಹೆಗಲು ಮಾತ್ರ ಅಲುಗಿದವು. ತಂಬಿಗೆಯ ನೀರು ತುಳುಕಲಿಲ್ಲ. ಅಷ್ಟು ಅಭ್ಯಾಸವಾಗಿತ್ತು ಆ ಕೈಗೆ.

"ನೀವು ಕೊಡತಿದ್ದಿಲ್ಲೇನ್ರಿ?"

"ಕೊಡತಿದ್ದೆ. ಕೇಳಿದ ಮ್ಯಾಲ ಕೊಡತಿದ್ದೆ. ಛಂದಾಗಿ ಕೇಳಿದ ಮ್ಯಾಲ." ಸೆರಗಿನಿಂದ ಕಣ್ಣೊರೆಸಿಕೊಂಡಳು, ನಕ್ಕು ಬಂದ ನೀರು. "ನನ್ನ ಎತ್ತಿನಂಗ ಕರದಾವ ಅವ. ಕಡೀಕಡೀಗೆ ನಾಲಿಗಿ ಅಂಗುಳಕ್ಕ ಹತ್ತತಿದ್ದಿಲ್ಲ ಅವಂದು. ಈಗ ಅನ್ನು ಮತ್ತ. ಮಾಸ್ತರ ಬರಕೊಳ್ಳಲಿ."

ಅಂದೆ. ಆಕೆ ತಂಬಿಗೆಯನ್ನು ಇನ್ನೊಂದು ಬೆರಳು ಹಿಂದಕ್ಕೆ ತೆಗೆದುಕೊಂಡಳು. ನನ್ನ ಕಣ್ಣು ಅದರ ಹಿಂದೆ ಹೋಯಿತು. ನಾನು ಕಳಿಸಿದ್ದಲ್ಲ.

"ಹಾಂ, ಅಲುಗಬ್ಯಾಡ," ಎಂದರು ಮಾಸ್ತರರು. ಈ ಸಲ ಯಾರೂ ಅತ್ತಿರಲಿಲ್ಲ.

ಮಾಸ್ತರರು ಆಮೇಲೆ ಮಾಡಿದ್ದನ್ನು ನಾನು ಮಲಗಿದಲ್ಲಿಂದ ಓರೆಗಣ್ಣಿನಲ್ಲಿ ಕಂಡೆ. ಕಣ್ಣು ಬರೆಯಬೇಕಾದ ಕುಂಚವನ್ನು ಕೆಳಗಿಟ್ಟರು. ರುಮಾಲಿನ ಚೂರನ್ನು ಹೆಬ್ಬೆರಳಿಗೆ ಬಿಗಿದು ಕಟ್ಟಿದರು. ಕೆಸರಾಗಿದ್ದ ಹಸಿ ಬಣ್ಣದ ಮೇಲೆ ಹುಬ್ಬಿನಿಂದ ಶುರುಮಾಡಿ, ಕೆನ್ನೆಯ ಮೇಲೆ ಇಳಿಸಿ, ಬಾಯಿಯನ್ನು ಬಲಕ್ಕೆ ಎಳೆದುಕೊಂಡು ಗದ್ದದ ತನಕ ಒಂದೇ ಎಳೆತ. ಎರಡನೆಯದಕ್ಕೆ ಬಟ್ಟೆ ತಡೆಯುತ್ತಿರಲಿಲ್ಲ. ಆಮೇಲೆ ಉಗುರಿನ ತುದಿಯಿಂದ ಕಣ್ಣಿನ ಜಾಗದಲ್ಲಿ ಬಣ್ಣ ಕೆರೆದು ತೆಗೆದರು, ಕೆಳಗಿನ ಸುಣ್ಣ ಕಾಣುವಷ್ಟು. ಕಣ್ಣು ಬರೆಯಲಿಲ್ಲ, ತೋಡಿದರು.  ಅವರ ಹಿರಿಯರು ಮಾಡುತ್ತಿದ್ದದ್ದಕ್ಕೆ ಇದು ತಿರುಗಾಮುರುಗಾ.

ಎದ್ದು ಬಂದು ನೋಡಿದೆ. ಹತ್ತಿರದಿಂದ ಅಲ್ಲಿ ಮುಖವೇ ಇರಲಿಲ್ಲ, ಕೆಮ್ಮಣ್ಣು ಮೆತ್ತಿದ ಒಂದು ಗೋಡೆ ಕುಸಿದಂತಿತ್ತು. ಸ್ವಲ್ಪ ಹೊತ್ತು ನಿಂತರೆ ಆ ಕುಸಿತದೊಳಗೆ ಎರಡು ಬಿಳಿ ಗುಳಿಗಳು ಕೆಳಗೆ ನೋಡುತ್ತಿದ್ದವು, ತಂಬಿಗೆ ಇದ್ದ ಕಡೆಗೆ. ಅವನು ಬೇಡುತ್ತಿದ್ದ. ಕುತ್ತಿಗೆ ಚೌಕಟ್ಟಿನಿಂದ ಹೊರಗೆ ಬರುವ ಹಾಗೆ ಬೇಡುತ್ತಿದ್ದ. ಚಿಗವ್ವ ನನ್ನ ಪಕ್ಕದಲ್ಲೇ ನಿಂತು ನೋಡಿದಳು.  ಗೋಡೆಯ ಬುಡಕ್ಕೆ ಹೋಗಿ, ತಾನು ಹಾಸಿಗೆ ಹಾಸಿಕೊಳ್ಳುವ ಜಾಗದಲ್ಲಿ ಕೂತು, ಮೇಲೆ ಮೊಳೆಯ ಕಡೆ ನೋಡಿ, "ಇಲ್ಲೀಮಟ ಬರತೈತಿ ಅವನ ಕಣ್ಣು," ಎಂದು ತಂಬಿಗೆಯನ್ನು ತನ್ನ ತೊಡೆಯ ಪಕ್ಕ ಇಟ್ಟು ಅಳತೆ ನೋಡಿಕೊಂಡಳು.

"ಇದನ್ನ ಸಣ್ಣಗೌಡ ಒಪ್ಪತಾನೇನು ಮಾಸ್ತರ?" ಎಂದೆ. "ನಮ್ಮಿಬ್ಬರನೂ ದನದ ಮನ್ಯಾಗ ಕಟ್ಟತಾನ. ನಿಮಗ ಹುಲ್ಲು, ನನಗ ಹಿಂಡಿ."

ಮಾಸ್ತರರು ಚಿತ್ರವನ್ನು ಗೋಡೆಗೆ ಏರಿಸಿದರು.

ಬಿಸಿಲು ಇಳಿದ ಮೇಲೆ ಸಣ್ಣಗೌಡ ಬಂದ. ಕಚೇರಿಯಲ್ಲಿ ಕೆಲಸ ಕೆಟ್ಟಿತ್ತೆಂದು ಹೆಜ್ಜೆಯಲ್ಲೇ ಗೊತ್ತಾಯಿತು. ನೇರವಾಗಿ ಚಿತ್ರದ ಹತ್ತಿರ ಹೋಗಿ, ಮೂಗು ಹತ್ತಿಸುವ ಹಾಗೆ ನೋಡಿದ. "ಮಕ ಎಲ್ಲೈತ್ರಿ?" ಎಂದ. "ಮಾಸ್ತರ, ನಮ್ಮಪ್ಪನ ಮಕ ಎಲ್ಲಿ ಹೋತು? ಸಗಣಿ ಬಳದಂಗ ಬಳದೀರಿ." ಕೈ ಬಡಿಗೆಗೆ ಹೋಯಿತು, ಥೇಟ್ ಅಪ್ಪನ ಹಾಗೆ. ಆ ಕೈಯನ್ನು ನಾನು ಬಿಡದೆ ನೆನಪಿಟ್ಟುಕೊಂಡೆ, ಮುಂದೆ ಎಲ್ಲಾದರೂ ಬೇಕಾಗುತ್ತದೆ ಎಂದು.

ಮಾಸ್ತರರು ಮೆತ್ತಗೆ ಕೇಳಿದರು: "ಗೌಡ್ರ, ಆ ದಿನ ನೀವು ಎಲ್ಲಿ ನಿಂತಿದ್ರಿ?"

"ಹೊಸ್ತಿಲದಾಗ. ಹೇಳೀನಲ್ಲ."

"ಅಲ್ಲೇ ನಿಂದರ್ರಿ ಒಂದು ಸಲ."

ಗೊಣಗುತ್ತ ಹೋಗಿ ಹೊಸ್ತಿಲ ಮೇಲೆ ನಿಂತು ತಿರುಗಿದ. ಹೊರಗಿನ ಬೆಳಕು ಅವನ ಬೆನ್ನಿಗಿತ್ತು. ಆ ದೂರದಿಂದ ಮಸುಕೆಲ್ಲ ಒಂದಾಗುತ್ತದೆ, ಪರದೆ ಬರೆಯುವವರಿಗೆ ಗೊತ್ತಿರುವ ಒಂದೇ ವಿದ್ಯೆ ಅದು. ಕುಸಿದ ಹುಬ್ಬು ಗಂಟಿಕ್ಕಿದ ಹುಬ್ಬಾಯಿತು. ಬಾಯಿ ತಲುಪದ ಕೈ ಬೊಟ್ಟು ಮಾಡಿದ ಕೈಯಾಯಿತು. ಎಳೆದುಹೋದ ಬಾಯಿ 'ನೀ' ಎನ್ನುವ ಅಕ್ಷರವಾಯಿತು. ಸಣ್ಣಗೌಡನ ಬಡಿಗೆ ಕೆಳಗಿಳಿಯಿತು. 

"ಅಪ್ಪ," ಎಂದ. "ಇದ. ಇದ ನೋಡ್ರಿ. 'ನೀ' ಅನ್ನಾಕತ್ತ್ಯಾನ."

ಅಂದು ಮಾಡಿದಂತೆಯೇ ಎರಡೂ ಕೈ ಎತ್ತಿ ಮುಗಿದ. ಕಣ್ಣಲ್ಲಿ ನೀರು ಬಂತು, ಆ ಮನೆಯಲ್ಲಿ ಮೊದಲ ಸಲ. ಗೋಡೆಯ ಬುಡದಲ್ಲಿ ಕೂತಿದ್ದ ಚಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಣ್ಣಗೌಡ ಅದನ್ನು ಅಳು ಎಂದುಕೊಂಡ. "ಅಳಬ್ಯಾಡ ಚಿಗವ್ವ," ಎಂದ, ಹೊಸ್ತಿಲಿನಿಂದಲೇ. "ದಿನಾ ಧೂಳ ಒರಸೂದು, ದೀಪ ಹಚ್ಚೂದು ನಿನ್ನ ಕೆಲಸ. ಮತ್ಯಾರೂ ಮುಟ್ಟೂದು ಬ್ಯಾಡ."

"ಆಗಲಿ ಗೌಡ್ರ," ಎಂದಳು ಸೆರಗಿನ ಒಳಗಿನಿಂದ. "ನೀರೂ ಇಡತೀನಿ."

"ಇಡು, ಇಡು," ಎಂದ ಅವನು.

ನಾನು ಆ ಹೊತ್ತಿಗೆ ಕಂಬ ನೋಡುತ್ತ ನಿಂತಿದ್ದೆ. ಎಂದೂ ಸಿಗದ ಇಂಥ ಹೊತ್ತಿನಲ್ಲಿ ನಗಲಾಗದಿರುವುದು ನನ್ನಂಥವನಿಗೆ ದೊಡ್ಡ ಶಿಕ್ಷೆ.

ಮರುದಿನ ಹೊರಟೆವು. ಬಂಡಿ ಅಂಗಳದಲ್ಲಿ ನಿಂತಿತ್ತು, ಮಾಸ್ತರರು ಆಗಲೇ ಏರಿ ಕೂತು ಎತ್ತಿನ ಬಾಲ ನೋಡುತ್ತಿದ್ದರು. ಸಣ್ಣಗೌಡ ದಾಯಾದಿಗಳನ್ನು ಕರೆತರಲು ಹೋಗಿದ್ದ, ಹೊಸ್ತಿಲಲ್ಲಿ ನಿಲ್ಲಿಸಿ ತೋರಿಸಲು. ಬಿಸಿಲು ಸುಡುತ್ತಿತ್ತು. ನಾನು ಕಟ್ಟೆಯ ಹತ್ತಿರ ನಿಂತು ಒಳಗೆ ಕೂಗಿದೆ: "ಚಿಗವ್ವ, ಕುಡಿಯಾಕ ಒಂಚೂರು ನೀರು ಕೊಡ್ರಿ."

ತಂಬಿಗೆ ಹಿಡಿದು ಬಂದಳು. ಕೈ ಚಾಚಿದೆ. ನನ್ನ ಬೆರಳಿನಿಂದ ಒಂದು ಗೇಣು ದೂರದಲ್ಲಿ ತಂಬಿಗೆ ನಿಂತಿತು.

ಆಮೇಲೆ ಆಕೆ ನಾಲಿಗೆಯನ್ನು ಅಂಗುಳಿಗೆ ಹತ್ತಿಸಿ ಲೊಚಕ್ ಎನಿಸಿದಳು. ದೊಡ್ಡಗೌಡನ ಹಾಗಲ್ಲ. ಮೊದಲ ದಿನ ಗಾದಿಯ ಮೇಲೆ ಕೂತು ನಾನು ಮಾಡಿದ ಹಾಗೆ. ತುಟಿಯ ತುದಿಯಲ್ಲಿ ನನ್ನ ಆ ಮುಗುಳ್ನಗೆಯೂ ಇತ್ತು. ಅದನ್ನು ಹೊರಗಿನಿಂದ ನಾನು ಎಂದೂ ನೋಡಿರಲಿಲ್ಲ. ಛಲೋ ಮಾಡಿದಳು, ನನಗಿಂತ ಛಲೋ.

"ಕೇಳು," ಎಂದಳು.

"ಕೇಳಿದೆನಲ್ಲರಿ ಚಿಗವ್ವ."

"ಹಂಗಲ್ಲ."

ನಕ್ಕೆ. ಆಕೆ ನಗಲಿಲ್ಲ. ಬಂಡಿಯ ಕಡೆ ನೋಡಿದೆ. ಮಾಸ್ತರರು ಬಾಲವನ್ನೇ ನೋಡುತ್ತಿದ್ದರು. ಮುಂದಿನ ಬಾವಿ ಬಹಳ ದೂರ ಎಂದು ಆಳು ಬೆಳಿಗ್ಗೆಯೇ ಹೇಳಿದ್ದ. ಬಲಗಡೆ ತುಟಿಯನ್ನು ಬಿಟ್ಟೆ.

"ನೀ," ಎಂದೆ.

ಮಾಡಿ ಮುಗಿಸಿದ ಕೆಲಸವನ್ನು ಪರೀಕ್ಷೆ ಮಾಡುವವಳ ಹಾಗೆ ತಲೆ ಓರೆ ಮಾಡಿ ನೋಡಿದಳು. "ಕುತ್ತಿಗಿ ಇನ್ನಷ್ಟು ಮುಂದ."

ಚಾಚಿದೆ. ಮತ್ತೊಮ್ಮೆ ಅಂದೆ. ಈ ಸಲ 'ರು' ಸೇರಿಸಲು ನೋಡಿದೆ, ಯಾಕೋ ಬರಲಿಲ್ಲ.

"ಹಾಂ," ಎಂದಳು. "ಅಲುಗಬ್ಯಾಡ."

ತಂಬಿಗೆ ತೆಗೆದುಕೊಂಡು ಒಳಗೆ ಹೋದಳು. ಗೋಡೆಯ ಬುಡದಲ್ಲಿ ಅದನ್ನು ಇಟ್ಟ ಸದ್ದು ಕೇಳಿಸಿತು. ನಾನು ಅಲ್ಲೇ, ಕುತ್ತಿಗೆ ಮುಂದೆ ಚಾಚಿಕೊಂಡು, ಸ್ವಲ್ಪ ಹೊತ್ತು ಅಲುಗದೆ ನಿಂತಿದ್ದೆ.

ಬಂಡಿ ಊರು ದಾಟಿದ ಮೇಲೆ ಮಾಸ್ತರರು ಕೇಳಿದರು: "ನೀರು ಕುಡದ್ಯೇನಲೇ?"

ಹೂಂ ಎಂದೆ.